ಕಾಶಿಯಲ್ಲಿ ಬಿಟ್ಟ ಮಾತ್ರೆ

ಕಾರ್ತಿಕ ಸೋಮವಾರದ ಬೆಳಗಿನ ಜಾವ ಕೃಷ್ಣಾ ನದಿಯಲ್ಲಿ ಮುಳುಗು ಹಾಕಿ, ಬಾಳೆದಿಂಡಿನ ದೋಣಿಯಲ್ಲಿ ದೀಪ ತೇಲಿಬಿಟ್ಟು, ಘಾಟಿನ ಮೆಟ್ಟಿಲ ಮೇಲೆ ಕೂತವರು ಮತ್ತೆ ಏಳಲಿಲ್ಲ. ಅವತ್ತು ವಿಜಯವಾಡದಲ್ಲಿ ಅವರ ಮಗಳ ಮನೆಗೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು. ಪುಣ್ಯವಂತೆ. ಇಂಥ ದಿನ, ಇಂಥ ಜಾಗ, ಅದರ ಮೇಲೆ ಮುತ್ತೈದೆ ಸಾವು, ಯಾರಿಗೆ ಸಿಗುತ್ತದೆ. ಬಾಗಿಲ ಬಳಿ ಚಪ್ಪಲಿಗಳ ರಾಶಿಯ ಪಕ್ಕ ನಿಂತಿದ್ದ ನನಗೆ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಒಳಗೆ ಕುದಿಯುತ್ತಿತ್ತು. ಪುಣ್ಯವೂ ಅಲ್ಲ ಏನೂ ಅಲ್ಲ, ಹಟ, ಎಂದು ಹೇಳಿಬಿಡಬೇಕೆನಿಸುತ್ತಿತ್ತು. ಹೇಳಲಿಲ್ಲ. ಸಾವಿನ ಮನೆಯಲ್ಲಿ ವಾದಕ್ಕೆ ನಿಲ್ಲುವ ಜಾಯಮಾನ ನನ್ನದಲ್ಲ. ವರ್ಷವಾಗುತ್ತ ಬಂತು, ಕುದಿ ಮಾತ್ರ ಇಳಿದಿಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಆಸ್ಪತ್ರೆಯಲ್ಲಿ ಸರದಿ ಬಂದಾಗ ನರ್ಸ್ ತಮ್ಮ ಹೆಸರು ಕೂಗಿದರೇ ಸೆರಗನ್ನು ಎಳೆದುಕೊಂಡು ತಲೆ ತಗ್ಗಿಸುತ್ತಿದ್ದವರು ಅವರು. ನಾನು ಅಕ್ಕ ಎನ್ನುತ್ತಿದ್ದೆ. 2014ರಲ್ಲಿ ನಮ್ಮ ಯಜಮಾನರಿಗೆ ಬ್ಯಾಂಕಿನಲ್ಲಿ ವಿಶಾಖಪಟ್ಟಣಕ್ಕೆ ವರ್ಗವಾಗಿ ಮೈಸೂರಿನಿಂದ ಹೋದಾಗ, ನಾವು ಹಿಡಿದ ಬಾಡಿಗೆ ಮನೆಯ ಮೇಲಿನ ಮಹಡಿಯಲ್ಲಿ ಇದ್ದವರು. ಬಳ್ಳಾರಿ ಕಡೆಯವರು. ಕೈಹಿಡಿದದ್ದು ತೆಲುಗಿನವರನ್ನು. ಗಂಡ ಬಂದರಿನ ಕಚೇರಿಯಲ್ಲಿ ನೌಕರಿಯಲ್ಲಿದ್ದರು. ಒಬ್ಬಳೇ ಮಗಳು, ಮದುವೆಯಾಗಿ ವಿಜಯವಾಡದಲ್ಲಿದ್ದಳು. ಅವಳಿಗೆ ಕನ್ನಡ ಕಿವಿಗೆ ಗೊತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ.

ಲಾರಿಯಿಂದ ಇಳಿದ ನಮ್ಮ ಗಾಜಿನ ಬೀರುವನ್ನು ಆಳುಗಳು ಮೆಟ್ಟಿಲು ಹತ್ತಿಸುವಾಗ ನಾನು ಗಾಬರಿಯಲ್ಲಿ "ಹುಷಾರಪ್ಪ, ಒಡೆದು ಹೋಗುತ್ತೆ" ಎಂದದ್ದು ಕೇಳಿ ಮೇಲಿಂದ ಇಳಿದು ಬಂದರು. ಕೈಯಲ್ಲಿ ಅರ್ಧ ಬಿಡಿಸಿದ ಅವರೆಕಾಯಿಯ ಮೊರ.

"ಕನ್ನಡದವರಾ? ಈ ಮೆಟ್ಟಿಲ ಮ್ಯಾಲೆ ಕನ್ನಡ ಕೇಳಿ ಎಷ್ಟು ವರ್ಷ ಆಗಿತ್ತಮ್ಮಾ. ಬಾ, ಮೊದ್ಲು ಕಾಫಿ ಕುಡಿ. ಬೀರು ಒಡೆದ್ರೆ ಒಡೀಲಿ."

ಎಲ್ಲಿ ಓದಿದ್ದು ಎಂದು ಕೇಳಿದರು. ಕಾನ್ವೆಂಟಿನಲ್ಲಿ ಎಂದೆ. ಅಂದಿನಿಂದ ನಾನು ಅವರಿಗೆ ಕಾನ್ವೆಂಟಮ್ಮ. ನಾನು ಚಮಚದಲ್ಲಿ ಉಪ್ಪಿಟ್ಟು ತಿಂದರೂ ಕಾನ್ವೆಂಟು, ಕೆಲಸದವಳಿಗೆ ಥ್ಯಾಂಕ್ಸ್ ಹೇಳಿದರೂ ಕಾನ್ವೆಂಟು. "ನಿಂಗೆ ಸಿಟ್ಟು ಬಂದ್ರೆ ಗೊತ್ತೇ ಆಗಲ್ಲಲ್ಲೇ. ಇಂಗ್ಲಿಷ್ ಜಾಸ್ತಿ ಆಗ್ತೈತೆ, ಅಷ್ಟೇ" ಎಂದು ನಗುತ್ತಿದ್ದರು. ನಿಜವೇ. ಮುಂದಿನ ನಾಲ್ಕು ವರ್ಷ ಅವರ ಮುಂದೆ ನಾನು ಆಡಿದಷ್ಟು ಇಂಗ್ಲಿಷನ್ನು ಶಾಲೆಯಲ್ಲೂ ಆಡಿರಲಿಲ್ಲ.

ನಾವು ಹೋದ ವರ್ಷವೇ ಚಂಡಮಾರುತ ಬಂತು. ಊರಿನ ಮರಗಳೆಲ್ಲ ನೆಲ ಕಚ್ಚಿದವು. ಎಷ್ಟೋ ದಿನ ಕರೆಂಟಿಲ್ಲ, ಮೋಟರಿಲ್ಲ. ಕೆಳಗೆ ಟ್ಯಾಂಕರ್ ಬಂದಾಗ ಎಲ್ಲರೂ ಬಿಂದಿಗೆ ಹಿಡಿದು ಓಡುತ್ತಿದ್ದೆವು. ಎರಡು ಬಕೆಟ್ ಹೊರುವಷ್ಟರಲ್ಲಿ ನಾನು ಗೋಡೆಗೊರಗಿ ನಿಲ್ಲುತ್ತಿದ್ದೆ. ಅಕ್ಕ ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ತಮ್ಮ ಮನೆಗೆ ಹೊತ್ತು, ನನ್ನ ಮನೆಗೂ ಹೊತ್ತು, ಮೂರನೆಯ ಮಹಡಿಯ ಮುದುಕಮ್ಮನಿಗೂ ಹೊತ್ತರು. ಒಂದು ಸಲವೂ ಏದುಸಿರು ಬಿಡಲಿಲ್ಲ.

ಅದೇ ವಾರದಲ್ಲಿ ಒಂದು ಬೆಳಿಗ್ಗೆ ಹಾಲಿಗೆಂದು ಬಾಗಿಲು ತೆರೆದರೆ ಅವರು ಮೆಟ್ಟಿಲ ಮೇಲೆ ಕೂತಿದ್ದರು. ಬಲಗೈ ಮುಷ್ಟಿ ಕಟ್ಟಿ ಎದೆಯ ನಡುವೆ ಒತ್ತಿಕೊಂಡಿದ್ದರು. ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿನ ತನಕ ಇಳಿದಿತ್ತು. ನಾನು ಬಗ್ಗಿದರೆ, ಮಾತಾಡಿಸಬೇಡ ಎಂಬಂತೆ ಎಡಗೈ ಅಲ್ಲಾಡಿಸಿದರು. ಸ್ವಲ್ಪ ಹೊತ್ತಾದ ಮೇಲೆ ಮುಷ್ಟಿ ತಾನಾಗಿ ಸಡಿಲವಾಯಿತು. ಸೆರಗಿನಿಂದ ಮುಖ ಒರೆಸಿಕೊಂಡು, "ಆಯ್ತು, ಹೋಯ್ತು. ನಿನ್ನ ಹಾಲು ಒಡೆದೀತು ನೋಡು" ಎಂದು ಎದ್ದು ಮೇಲೆ ಹೋದರು.

ಇದು ಬಹಳ ವರ್ಷಗಳಿಂದ ಇತ್ತಂತೆ. ಬರುವುದು ಬೆಳಗಿನ ಜಾವದಲ್ಲೇ, ಸುಮ್ಮನೆ ಮಲಗಿದ್ದಾಗಲೇ. ಯಾರೋ ಎದೆಯ ಮೇಲೆ ಒಳಕಲ್ಲು ಇಟ್ಟ ಹಾಗೆ, ಹಲ್ಲಿನ ಬುಡದ ತನಕ ಹಿಡಿದುಕೊಳ್ಳುತ್ತದೆ. ಆಮೇಲೆ ಬಿಡುತ್ತದೆ. ಮಲಗಿದಲ್ಲಿ ಗಂಡನಿಗೆ ತೊಂದರೆ ಎಂದು ಅವರು ಎದ್ದು ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಅವರ ಗಂಡನನ್ನು ನಾನು ತೆಲುಗಿನ ಮರ್ಯಾದೆಯಂತೆ ಬಾವಗಾರು ಎನ್ನುತ್ತಿದ್ದೆ. ಬಾವಗಾರು ಕೆಟ್ಟವರಲ್ಲ. ಆದರೆ ಅವರಿಗೆ ಅದು ಗ್ಯಾಸು. ಓಮದ ಕಷಾಯ ಮಾಡಿ ಲೋಟದಲ್ಲಿ ತಂದು ಕೊಡುತ್ತಿದ್ದರು, ಕೊಟ್ಟು ನಿಂತು ಕುಡಿಸುತ್ತಿದ್ದರು. ಅವರ ಅಕ್ಕತಂಗಿಯರು ಬಂದಾಗ ನಗುತ್ತಿದ್ದರು: ಮೂರು ಮಹಡಿ ನೀರು ಹೊರುವಾಗ ಬಾರದ ಎದೆನೋವು ಹಾಸಿಗೆಯಲ್ಲಿ ಹೊರಳಿದರೆ ಬರುತ್ತದಂತೆ, ಎಂಥ ಮೈಗಳ್ಳ ನೋವಪ್ಪ ಇದು. ಅಕ್ಕನೂ ಜೊತೆಗೆ ನಗುತ್ತಿದ್ದರು. ನಗುವಾಗ ಅವರ ಬೆರಳು ಕರಿಮಣಿ ಸರವನ್ನು ತಿರುವುತ್ತಲೇ ಇರುವುದನ್ನು ನಾನು ನೋಡುತ್ತಿದ್ದೆ.

ಮಗಳು ಹಟ ಹಿಡಿದದ್ದಕ್ಕೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮುಂಗೈಯಿಂದ ಸಣ್ಣ ನಳಿಗೆ ತೂರಿಸಿ ಆಂಜಿಯೋಗ್ರಾಂ ಮಾಡಿಸಿದರು. ಎಲ್ಲೂ ಅಡ್ಡಿಯಿಲ್ಲ, ರಕ್ತನಾಳಗಳು ಕ್ಲೀನ್ ಎಂದರು. ಒಳ್ಳೆಯ ಸುದ್ದಿ ಎಂದು ನಾನು ಪಾಯಸ ಮಾಡಿ ತೆಗೆದುಕೊಂಡು ಹೋದೆ. ಅಕ್ಕ ಮುಟ್ಟಲಿಲ್ಲ. "ಇನ್ನು ಮುಗೀತು ಬಿಡು. ಇದುವರೆಗೆ ಗ್ಯಾಸಾದ್ರೂ ಇತ್ತು. ಇನ್ಮೇಲೆ ಅದೂ ಇಲ್ಲ" ಎಂದರು. ಅವರು ಹೇಳಿದಂತೆಯೇ ಆಯಿತು. ಆ ಕ್ಲೀನ್ ಎಂಬ ಮಾತು ಆ ಮನೆಯಲ್ಲಿ ಬೈಗುಳವಾಯಿತು. ನೋವು ಎಂದರೆ ಸಾಕು, "ಫೋಟೋಲೋ ಏಮೀ ಲೇದು ಕದಾ" ಎಂದು ಯಾರಾದರೂ ಒಬ್ಬರು ಹೇಳುವರು. ಫೋಟೋದಲ್ಲಿ ಏನೂ ಇಲ್ಲವಲ್ಲ.

ನಮ್ಮ ಯಜಮಾನರ ಸಹೋದ್ಯೋಗಿಯೊಬ್ಬರಿಂದ ಇನ್ನೊಬ್ಬ ಡಾಕ್ಟರ ವಿಷಯ ತಿಳಿಯಿತು. ವಯಸ್ಸಾದವರು, ಸಂಜೆ ಮಾತ್ರ ಕೂರುತ್ತಿದ್ದರು. ಅಕ್ಕ ಒಂದು ಷರತ್ತು ಹಾಕಿದರು. "ನೀನು ಬರ್ಬೇಕು. ನಿನ್ನ ಇಂಗ್ಲಿಷ್ ತಗೊಂಡು ಬಾ. ನಾನು ತೆಲುಗಲ್ಲಿ ನೋವು ಅಂದ್ರೆ ಗ್ಯಾಸ್ ಅಂತಾರೆ. ನೀನು ಇಂಗ್ಲಿಷಲ್ಲಿ ಅಂದ್ರೆ ನೆಟ್ಟಗೆ ಕುಂದ್ರುತಾರೆ." ಹೋದೆವು. ಆ ಡಾಕ್ಟರು ನನ್ನ ಇಂಗ್ಲಿಷಿಗೆ ಏನೂ ನೆಟ್ಟಗಾಗಲಿಲ್ಲ. ಅಕ್ಕನ ಕಡೆಗೇ ತಿರುಗಿ ತೆಲುಗಿನಲ್ಲಿ ಕೇಳಿದರು: ಎಷ್ಟು ಹೊತ್ತಿಗೆ ಬರುತ್ತದಮ್ಮ? ನಿದ್ದೆಯಿಂದ ಎಬ್ಬಿಸುತ್ತದಾ? ತಣ್ಣೀರು ಮುಟ್ಟಿದರೆ? ಅಕ್ಕ ಒಂದೊಂದಕ್ಕೂ ಉತ್ತರ ಕೊಡುತ್ತ ಹೋದಂತೆ ಕುರ್ಚಿಯಲ್ಲಿ ಮುಂದೆ ಮುಂದೆ ಸರಿದು ಕೂತರು. ಯಾರೂ ಅವರನ್ನು ಅಷ್ಟು ಕೇಳಿರಲಿಲ್ಲ.

ಒಂದು ಪುಟ್ಟ ಯಂತ್ರವನ್ನು ಎದೆಗೆ ಅಂಟಿಸಿ, ಹಗಲು ರಾತ್ರಿ ಹಾಕಿಕೊಂಡಿರಲು ಹೇಳಿ ಕಳಿಸಿದರು. ಅಕ್ಕ ಅದನ್ನು ರವಿಕೆಯೊಳಗೆ ಅಡಗಿಸಿಕೊಂಡು ಅಡಿಗೆ ಮಾಡಿದರು. ಬೆಳಗಿನ ಜಾವ ಮುಷ್ಟಿ ಬಿಗಿಯಿತು. ಅಷ್ಟು ನೋವಿನಲ್ಲೂ ಅವರು ಆ ಯಂತ್ರವನ್ನು ಒಂದು ಕೈಯಲ್ಲಿ ಹಿಡಿದು, "ನೋಡು, ನೋಡ್ಕೋ" ಎಂದರಂತೆ. ಮರುದಿನ ಡಾಕ್ಟರು ಉದ್ದದ ಕಾಗದದ ಮೇಲೆ ಎತ್ತರಕ್ಕೆ ಎದ್ದ ಗೆರೆಗಳನ್ನು ತೋರಿಸಿದರು. ತೋಟಕ್ಕೆ ನೀರು ಬಿಡುವ ಪೈಪಿನಲ್ಲಿ ಕಸ ಕಟ್ಟಿಲ್ಲ, ಸರಿಯೇ; ಆದರೆ ಯಾರೋ ಬಂದು ಪೈಪನ್ನು ಕಾಲಲ್ಲಿ ಮೆಟ್ಟಿದರೆ ನೀರು ನಿಲ್ಲುತ್ತದಲ್ಲ? ಆಂಜಿಯೋಗ್ರಾಂ ಮಾಡಿದ ಹೊತ್ತಿಗೆ ಕಾಲು ತೆಗೆದಿತ್ತು, ಅದಕ್ಕೇ ಏನೂ ಕಾಣಲಿಲ್ಲ. ಹೃದಯದ ರಕ್ತನಾಳ ಹೀಗೆ ತಾನಾಗಿ ಸೆಟೆದುಕೊಳ್ಳುವ ಕಾಯಿಲೆ ಇದು, ಇದಕ್ಕೆ ಹೆಸರೂ ಇದೆ, ಔಷಧಿಯೂ ಇದೆ ಎಂದರು.

ಹೊರಗೆ ಬಂದು ಆಟೋ ಹತ್ತಿದ ಮೇಲೆ ಅಕ್ಕ ಎದೆಗೆ ಯಂತ್ರ ಅಂಟಿಸಿದ್ದ ಜಾಗವನ್ನು ಸೆರಗಿನ ಮೇಲಿಂದ ಮುಟ್ಟಿ ನೋಡಿಕೊಂಡರು. ಆಮೇಲೆ, "ಮಿಷಿನ್ನು ನಂಬಿತು ನೋಡೇ" ಎಂದರು.

ಔಷಧಿ ಸರಳವಾಗಿತ್ತು. ರಕ್ತನಾಳವನ್ನು ಸಡಿಲವಾಗಿಡುವ ಡಿಲ್ಟಿಯಾಜೆಮ್ ಎಂಬ ಮಾತ್ರೆ, ನಿಧಾನವಾಗಿ ಕರಗುವ ಬಗೆಯದು, ಮಲಗುವ ಮುಂಚೆ ಒಂದು. ಕಾಟ ಜಾವದಲ್ಲಿ ಬರುವುದರಿಂದ ಆ ಹೊತ್ತಿಗೆ ಮಾತ್ರೆ ಮೈಯಲ್ಲಿ ಇರಬೇಕು. ನೋವು ಬಂದೇಬಿಟ್ಟರೆ ನಾಲಿಗೆಯ ಕೆಳಗೆ ಇಟ್ಟುಕೊಳ್ಳಲು ಪುಟ್ಟದೊಂದು. ತಣ್ಣೀರ ಸ್ನಾನ ಬೇಡ, ಜಾವದ ಚಳಿ ಬೇಡ. ಕೊನೆಗೆ ಡಾಕ್ಟರು ಬೆರಳೆತ್ತಿ ಹೇಳಿದ ಮಾತು: ನೋವು ಹೋಯಿತೆಂದು ನೀವಾಗಿ ನಿಲ್ಲಿಸಬೇಡಿ. ಒಮ್ಮೆಗೇ ಬಿಟ್ಟರೆ ಮೊದಲಿಗಿಂತ ಜೋರಾಗಿ ಬರುತ್ತದೆ. ಇದು ವರ್ಷಗಟ್ಟಲೆಯ ಮಾತ್ರೆ, ಬಹುಶಃ ಜೀವನಪೂರ್ತಿ.

ನೋವು ನಿಜವಾಗಿಯೂ ನಿಂತಿತು. ಅಲ್ಲಿಂದಲೇ ನನ್ನ ಗೋಳು ಶುರುವಾದದ್ದು.

ಅಕ್ಕ ಮಾತ್ರೆಯ ಹಾಳೆಯನ್ನು ಸೆರಗಿಗೆ ಹಾಕಿದ ಪಿನ್ನಿನಿಂದ ಚುಚ್ಚಿ ತೆಗೆಯುತ್ತಿದ್ದರು. ತೆಗೆದು ಅಂಗೈಯಲ್ಲಿಟ್ಟು, ಕಸೂತಿಯ ತಪ್ಪು ಹೊಲಿಗೆ ನೋಡುವಂತೆ ನೋಡುತ್ತಿದ್ದರು. "ಇದನ್ನ ತಿಂದ್ರೆ ಮೂರು ದಿನ ಹೊಟ್ಟೆ ಕಲ್ಲಾಗ್ತೈತೆ." ಬಾಳೆಹಣ್ಣು ತಿನ್ನಿ ಅಕ್ಕ ಎಂದೆ. "ನಾಲಿಗೆ ಕೆಳಗಿಂದು ಇಟ್ರೆ ತಲೆ ಸಿಡೀತೈತೆ." ನೋವು ಬಂದರೆ ತಾನೇ ಅದು ಎಂದೆ. "ನೋವು ಎಲ್ಲೈತೆ? ಆರು ತಿಂಗಳಾತು." ಮಾತ್ರೆ ತಿನ್ನುತ್ತಿರುವುದರಿಂದ ಇಲ್ಲ ಅಕ್ಕ. "ಹಂಗಾದ್ರೆ ಒಂದು ವಾರ ಬಿಟ್ಟು ನೋಡೋಣ, ಗೊತ್ತಾಗ್ತೈತೆ."

ಹೀಗೆ ಗೋಡೆಗೆ ಮಾತಾಡಿದ ಹಾಗೆ. ಬಿಟ್ಟರೆ ಬರುತ್ತದೆ ಎಂದು ನಾನು. ಬಂದರೆ ತಗೊಳ್ತೀನಿ ಎಂದು ಅವರು. ಜ್ವರದ ಮಾತ್ರೆಯ ಲೆಕ್ಕದಲ್ಲೇ ಎಲ್ಲ ಮಾತ್ರೆಯನ್ನೂ ಅಳೆಯುವವರಿಗೆ, ಏನೂ ಆಗದೆ ಇರುವುದೇ ಔಷಧಿಯ ಕೆಲಸ ಎಂದು ಹೇಗೆ ತೋರಿಸುವುದು? ಬಂದದ್ದನ್ನು ತೋರಿಸಬಹುದು, ಬಾರದ್ದನ್ನು ಹೇಗೆ ತೋರಿಸಲಿ? ನಾದಿನಿಯರು ಬೇರೆ, ಕ್ಲೀನಾಗಿರುವ ಗುಂಡಿಗೆಗೆ ಯಾಕೆ ಔಷಧಿ ಸುರಿಯುತ್ತೀಯ, ಕಿಡ್ನಿ ಹೋಗುತ್ತದೆ, ಎಂದು ಹೆದರಿಸಿ ಹೋಗುತ್ತಿದ್ದರು. ನಾನು ರಾತ್ರಿ ಊಟವಾದ ಮೇಲೆ ಏನಾದರೊಂದು ನೆಪ ಮಾಡಿಕೊಂಡು ಮೇಲೆ ಹೋಗುತ್ತಿದ್ದೆ. ಹೆಪ್ಪಿಗೆ ಮೊಸರು, ನಾಲ್ಕು ಕರಿಬೇವು. "ಬಂದಳಪ್ಪ ಸಿಸ್ಟರಮ್ಮ" ಎಂದು ಅಕ್ಕ ನನ್ನೆದುರೇ ಮಾತ್ರೆ ನುಂಗಿ, ಬಾಯಿ ತೆರೆದು ನಾಲಿಗೆ ತೋರಿಸುತ್ತಿದ್ದರು.

ಆ ಮೇಲೆ ಕಾಶಿ ಬಂತು.

ಬಾವಗಾರು ನಿವೃತ್ತರಾದ ಸಂತೋಷಕ್ಕೆ, ಬಂದರಿನ ಹಳೆಯ ಸಹೋದ್ಯೋಗಿಗಳ ಸಂಸಾರಗಳೆಲ್ಲ ಸೇರಿ ರೈಲಿನಲ್ಲಿ ಹೋದರು. ನಾನು ಮಾತ್ರೆಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕೈಚೀಲದ ಒಳಜೇಬಿನಲ್ಲಿಟ್ಟು ಕಳಿಸಿದೆ. ವಾಪಸು ಬಂದ ದಿನ ಪ್ರಸಾದ, ಕಾಶಿದಾರ, ಗಂಗೆಯ ಪುಟ್ಟ ತಾಮ್ರದ ಗಿಂಡಿ ಎಲ್ಲ ತಂದು ಕೊಟ್ಟರು. ಕಾಶಿಗೆ ಹೋದವರು ತಮಗೆ ಪ್ರೀತಿಯಾದ ಒಂದು ಹಣ್ಣೋ ಕಾಯೋ ಅಲ್ಲಿ ಗಂಗೆಯಲ್ಲಿ ಬಿಟ್ಟು ಬರುವ ಪದ್ಧತಿಯಿದೆಯಲ್ಲ. ಆಮೇಲೆ ಬದುಕಿರುವ ತನಕ ಅದನ್ನು ಮುಟ್ಟುವಂತಿಲ್ಲ. ಯಾರು ಯಾರು ಏನೇನು ಬಿಟ್ಟರು ಎಂದು ನಾನು ಕೇಳಿದೆ. ಅಕ್ಕ ನೆಲದ ಮೇಲೆ ಕಾಲು ಚಾಚಿ ಕೂತು ಒಬ್ಬೊಬ್ಬರದೂ ವರದಿ ಕೊಟ್ಟರು.

"ಎಲ್ಲಾ ಕಳ್ಳಿಯರು ಕಣೇ. ನಮ್ಮ ದೊಡ್ಡ ನಾದಿನಿ ಹಾಗಲಕಾಯಿ ಬಿಟ್ಟಳು. ಹುಟ್ಟಿದಾಗಿನಿಂದ ಅದನ್ನ ಮೂಸಿಲ್ಲ ಆಕೆ. ಇನ್ನೊಬ್ಬಾಕೆ ಸೀತಾಫಲ ಬಿಟ್ಟಳು, ಆಕೆಗೆ ಸಕ್ಕರೆ ಕಾಯಿಲೆ. ದೇವರಿಗೇ ಟೋಪಿ."

"ನೀವೇನು ಬಿಟ್ಟಿರಿ ಅಕ್ಕ?"

"ನಾನು ಮೋಸ ಮಾಡ್ಲಿಲ್ಲಮ್ಮ. ದಿನಾ ತಿನ್ನೋದನ್ನೇ ಬಿಟ್ಟು ಬಂದೆ."

ಕಾಫಿ ಇರಬೇಕು ಎಂದುಕೊಂಡೆ. ಆದರೆ ಅವರ ಕೈಯಲ್ಲಿ ಕಾಫಿ ಲೋಟವಿತ್ತು. ಅವರು ಕೈಚೀಲದಿಂದ ನನ್ನ ಪ್ಲಾಸ್ಟಿಕ್ ಡಬ್ಬಿ ತೆಗೆದು ಮುಂದಿಟ್ಟರು. ಚೆನ್ನಾಗಿ ತೊಳೆದು ಒಣಗಿಸಿ ತಂದಿದ್ದರು.

ಆ ಕ್ಷಣ ನನಗೆ ಏನೇನು ಬಾಯಿಗೆ ಬಂತೋ, ಎಲ್ಲ ಇಂಗ್ಲಿಷಿನಲ್ಲೇ ಬಂತು. ಅಕ್ಕ ನಗುತ್ತ ಕೇಳಿಸಿಕೊಂಡರು. ಬಾವಗಾರು ಪೇಪರಿನಿಂದ ತಲೆಯೆತ್ತಿ, "ಕಾಶಿಯಲ್ಲಿ ಬಿಟ್ಟದ್ದನ್ನು ಮತ್ತೆ ಹೇಗೆ ಬಾಯಿಗೆ ಹಾಕುವುದಮ್ಮಾ?" ಎಂದು ತೆಲುಗಿನಲ್ಲಿ, ಬಹಳ ನ್ಯಾಯವಾದ ಪ್ರಶ್ನೆಯೆಂಬಂತೆ ಕೇಳಿದರು. ಔಷಧಿ ಏನು ಬದನೆಕಾಯಿಯಾ ಬಾವಗಾರು ಎಂದೆ. ಅವರು ಪೇಪರಿನ ಪುಟ ತಿರುವಿದರು. ಡಬ್ಬಿ ತೆಗೆದುಕೊಂಡು ಕೆಳಗೆ ಬಂದು ಸಿಂಕಿನಲ್ಲಿ ಅದನ್ನು ಮತ್ತೊಮ್ಮೆ ತೊಳೆದೆ. ಯಾಕೆ ತೊಳೆದೆನೋ ಗೊತ್ತಿಲ್ಲ.

ಡಾಕ್ಟರು ಹೇಳಿದಂತೆಯೇ, ಬಂದದ್ದು ಮೊದಲಿಗಿಂತ ಜೋರಾಗಿ ಬಂತು. ಆ ವಾರವೇ ಒಂದು ದಿನ ಬೆಳಕು ಮೂಡುವ ಮುನ್ನ ಬಾವಗಾರು ನಮ್ಮ ಬಾಗಿಲ ಬೆಲ್ಲನ್ನು ಬಿಡದೆ ಬಾರಿಸಿದರು. ಓಡಿ ಹತ್ತಿದೆ. ಅಕ್ಕ ಹಾಸಿಗೆಯ ಪಕ್ಕ ನೆಲದ ಮೇಲೆ ಬಿದ್ದಿದ್ದರು, ತುಟಿ ಬೂದಿಯ ಬಣ್ಣ. ಒಂದು ಗಳಿಗೆ ಕಣ್ಣು ತೇಲಿ ಪ್ರಜ್ಞೆಯೇ ತಪ್ಪಿತು. ಬಾವಗಾರು ಒಂದು ಕೈಯಲ್ಲಿ ಓಮದ ನೀರಿನ ಲೋಟ ಹಿಡಿದು ನಿಂತಿದ್ದರು, ಅದು ಅವರ ಲುಂಗಿಯ ಮೇಲೆಲ್ಲ ಚೆಲ್ಲುತ್ತಿತ್ತು. ಅಕ್ಕ ಕಣ್ಣು ಬಿಟ್ಟ ಕೂಡಲೇ ದೇವರ ಗೂಡಿನ ಪಕ್ಕದ ಡ್ರಾಯರಿನಲ್ಲಿ ಉಳಿದಿದ್ದ ಹಳೆಯದೊಂದು ಪುಟ್ಟ ಮಾತ್ರೆಯನ್ನು ಹುಡುಕಿ ನಾಲಿಗೆಯ ಕೆಳಗೆ ಇಟ್ಟೆ. ಮುಷ್ಟಿ ಸಡಿಲವಾಗಲು ತೆಗೆದುಕೊಂಡ ಹೊತ್ತು ನನಗೆ ಇವತ್ತಿಗೂ ಉದ್ದವೆನಿಸುತ್ತದೆ. ನಮ್ಮ ಯಜಮಾನರು ಕಾರು ತೆಗೆದರು.

ಎರಡು ದಿನ ಆಸ್ಪತ್ರೆಯಲ್ಲಿಟ್ಟುಕೊಂಡರು. ಬಿಡುಗಡೆಯ ದಿನ ಆ ವಯಸ್ಸಾದ ಡಾಕ್ಟರಿಗಾಗಿ ಹೊರಗಿನ ಬೆಂಚಿನಲ್ಲಿ ನಾವಿಬ್ಬರೇ ಕಾಯುತ್ತಿದ್ದೆವು. ಬಾವಗಾರು ಬಿಲ್ಲಿನ ಕಿಟಕಿಯ ಹತ್ತಿರ ಇದ್ದರು. ನಾನು ಮುಖ ಬಿಗಿದುಕೊಂಡಿದ್ದೆ.

"ಮಾತಾಡು. ಇಂಗ್ಲಿಷಲ್ಲಾದ್ರೂ ಮಾತಾಡು" ಎಂದರು ಅಕ್ಕ.

"ಯಾಕಕ್ಕ ಹೀಗೆ ಮಾಡಿದಿರಿ? ಬಿಡೋದಿಕ್ಕೆ ಬೇರೆ ಏನೂ ಸಿಗಲಿಲ್ವಾ?"

ಅವರು ಸೆರಗಿನ ಪಿನ್ನನ್ನು ತೆಗೆದು ಮತ್ತೆ ಹಾಕಿಕೊಂಡರು. "ನಿಂಗೆ ಅರ್ಥ ಆಗಲ್ಲ. ದಿನಾ ರಾತ್ರಿ ಆ ಮಾತ್ರೆ ನಂಗೆ ಹೇಳ್ತಿತ್ತು, ನಿಂಗೆ ಕಾಯಿಲೆ ಐತೆ ಅಂತ. ಮನೇಲಿ ಎಲ್ಲರೂ ಹೇಳ್ತಿದ್ರು, ಇಲ್ಲ ಅಂತ. ನುಂಗೋವಾಗ ನಮ್ಮೆಜಮಾನ್ರು ನೋಡೋ ನೋಟ ನೀನು ನೋಡಿಲ್ಲ. ನಾಟಕ ಮಾಡಾಕಿನ ನೋಡ್ದಂಗೆ. ಬೈಯಲ್ಲ, ಏನಿಲ್ಲ. ಸುಮ್ನೆ ನೋಡೋದು. ವರ್ಷಾನುಗಟ್ಟಲೆ ಆ ನೋಟ ನುಂಗಾಕಾಗಲ್ಲಮ್ಮ. ಗಂಗೆಯಲ್ಲಿ ನಿಂತಾಗ ಅನ್ನಿಸ್ತು, ನಂಗೆ ಬ್ಯಾಡಾಗಿರೋದು ಇದೇ ಅಂತ. ಬಿಟ್ಟೆ."

ನಾನು ಸಿದ್ಧ ಮಾಡಿಟ್ಟುಕೊಂಡಿದ್ದ ಮಾತುಗಳೊಂದೂ ಉಪಯೋಗಕ್ಕೆ ಬರಲಿಲ್ಲ. ಸಿಟ್ಟೇನೂ ಕಡಿಮೆಯಾಗಲಿಲ್ಲ. ಅದರ ಮುಖ ಬೇರೆ ಕಡೆಗೆ ತಿರುಗಿತು, ಅಷ್ಟೇ. ಬಿಲ್ಲಿನ ಕಿಟಕಿಯ ಹತ್ತಿರ ಬಾವಗಾರು ಕನ್ನಡಕವನ್ನು ಅಂಗಿಯ ಅಂಚಿನಲ್ಲಿ ಒರೆಸಿಕೊಳ್ಳುತ್ತ ನಿಂತಿದ್ದರು. ನೋಡಿದರೆ ಎಷ್ಟು ಸಾಧು ಮನುಷ್ಯ. ಯಾರ ಮೇಲೆ ಕೂಗಾಡುವುದು?

ಒಳಗೆ ಹೋದಾಗ ಕಾಶಿಯ ವಿಷಯ ನಾನೇ ಹೇಳಿದೆ. ಡಾಕ್ಟರು ನಗುತ್ತಾರೆ, ಇಲ್ಲವೇ ಬೈಯುತ್ತಾರೆ ಎಂದು ಕಾದೆ. ಎರಡೂ ಮಾಡಲಿಲ್ಲ. ಪೆನ್ನಿನ ಕ್ಯಾಪು ತೆಗೆದು ಚೀಟಿಯ ಮೇಲೆ ಬೇರೊಂದು ಹೆಸರು ಬರೆದರು.

"ಕಾಶಿಯಲ್ಲಿ ಬಿಟ್ಟದ್ದು ಅದನ್ನು. ಅದನ್ನು ನಾನು ಕೊಡುವುದಿಲ್ಲ, ದೇವರ ಹತ್ತಿರ ಇರಲಿ. ಇದು ಬೇರೆ ಮಾತ್ರೆ. ಅದೇ ವಂಶದ್ದು, ಆದರೆ ಇದನ್ನು ನೀವು ಬಿಟ್ಟಿಲ್ಲವಲ್ಲ" ಎಂದರು ತೆಲುಗಿನಲ್ಲಿ.

ಅಕ್ಕ ಚೀಟಿಯನ್ನೂ ಅವರನ್ನೂ ನೋಡಿದರು. "ರಾಮೇಶ್ವರಕ್ಕೆ ಹೋದಾಗ ಇದನ್ನ ಬಿಡ್ತೀನಿ."

"ಹೋಗುವ ಮುಂಚೆ ನನ್ನ ಹತ್ತಿರ ಬನ್ನಿ. ಇನ್ನೊಂದು ಬರೆದು ಕೊಡುತ್ತೇನೆ."

ಆಮೇಲೆ ಡಾಕ್ಟರು ಅಕ್ಕನನ್ನೂ ನನ್ನನ್ನೂ ಹೊರಗೆ ಕಳಿಸಿ ಬಾವಗಾರನ್ನು ಒಬ್ಬರನ್ನೇ ಕೂರಿಸಿಕೊಂಡರು. ಏನು ಹೇಳಿದರೋ ನಮಗೆ ತಿಳಿಯಲಿಲ್ಲ. ಹೊರಗೆ ಬಂದ ಬಾವಗಾರು ದಾರಿಯುದ್ದಕ್ಕೂ ಅಕ್ಕನ ಕೈಚೀಲವನ್ನು ತಾವೇ ಹಿಡಿದುಕೊಂಡು ಬಂದರು.

ಹೊಸ ಮಾತ್ರೆಗೆ ಪಾದ ಬಾತುಕೊಳ್ಳುತ್ತಿತ್ತು. ಸಂಜೆಯ ಹೊತ್ತಿಗೆ ಕಾಲುಂಗುರ ಮಾಂಸದಲ್ಲಿ ಹುದುಗುತ್ತಿತ್ತು. ಅಕ್ಕ ಕಾಲಿನ ಗೆಜ್ಜೆ ತೆಗೆದಿಟ್ಟರು. "ಹೊಟ್ಟೆ ಬಿಡ್ತು, ಕಾಲು ಹಿಡೀತು" ಎಂದು ಗೊಣಗುತ್ತಿದ್ದರು. ಆದರೆ ನುಂಗುತ್ತಿದ್ದರು; ನಾನು ಮೇಲೆ ಹೋಗುವಷ್ಟರಲ್ಲೇ ನುಂಗಿ ಮುಗಿಸಿ ಖಾಲಿ ನಾಲಿಗೆ ತೋರಿಸುತ್ತಿದ್ದರು, ನಾನು ನೋಡುವ ತನಕ. ನೋಡುವ ತನಕ ಎಂದೆ. 2017ರಲ್ಲಿ ನಮ್ಮ ಯಜಮಾನರಿಗೆ ವಿಜಯವಾಡಕ್ಕೆ ವರ್ಗವಾಯಿತು. ಮರುವರ್ಷ ಅವರೂ ವಿಶಾಖಪಟ್ಟಣದ ಮನೆ ಖಾಲಿ ಮಾಡಿ ವಿಜಯವಾಡದ ಮಗಳ ಮನೆಗೆ ಬಂದರು. ಆದರೆ ಒಂದೇ ಕಟ್ಟಡವಲ್ಲ, ನಡುವೆ ಅರ್ಧ ಊರು. ವಾರಕ್ಕೊಮ್ಮೆ ಹೋಗುವುದು, ಫೋನಿನಲ್ಲಿ ಕೇಳುವುದು. ಕೇಳಿದರೆ, "ಆತು ಕಣೇ, ಆತು" ಎನ್ನುತ್ತಿದ್ದರು. ಫೋನಿನಲ್ಲಿ ನಾಲಿಗೆ ಕಾಣುವುದಿಲ್ಲವಲ್ಲ. ನನಗೆ ನಂಬಿಕೆಯಿರಲಿಲ್ಲ.

ಆ ವರ್ಷ ಕಾರ್ತಿಕ ಹತ್ತಿರ ಬಂದಾಗ ಅವರ ಬೀದಿಯ ಹೆಂಗಸರೆಲ್ಲ ಬೆಳಗಿನ ಜಾವ ಗುಂಪಾಗಿ ನದಿಗೆ ಹೋಗುವ ಮಾತಾಡಿಕೊಂಡರು. ಅಕ್ಕನಿಗೂ ಆಸೆ. ನಾನು ದೀಪಾವಳಿಗೆ ಮೈಸೂರಿಗೆ ಹೊರಡುವ ಹಿಂದಿನ ದಿನ ಅವರ ಮನೆಯಲ್ಲಿ ಕೂತು, ಬೇಡವೇ ಬೇಡ ಎಂದು ಮತ್ತೆ ಮತ್ತೆ ಹೇಳಿದೆ. ಮನೆಯಲ್ಲಿ ಬಿಸಿನೀರು ಹಾಕಿಕೊಳ್ಳಿ, ಬೆಳಕಾದ ಮೇಲೆ ತುಳಸಿಗೆ ದೀಪ ಇಡಿ, ದೇವರು ಬೇಡ ಎನ್ನುವುದಿಲ್ಲ. "ಆತು ಕಣೇ, ಆತು" ಎಂದರು. ಕಡ್ಡಿ ಬತ್ತಿ ಹೊಸೆಯುತ್ತ ಇದ್ದ ಕೈ ನಿಲ್ಲಲಿಲ್ಲ. ನಾನು ಊರಿಂದ ವಾಪಸಾದ ಮೇಲೆ ಬಂದ ಮೊದಲ ಫೋನು ಅಕ್ಕನ ಮಗಳದ್ದು.

ಅದಕ್ಕೇ ಅವತ್ತು ಚಪ್ಪಲಿಗಳ ಪಕ್ಕದಲ್ಲಿ ನಿಂತು ನಾನು ಕುದಿಯುತ್ತಿದ್ದದ್ದು. ಮತ್ತೆ ಮಾತ್ರೆ ಬಿಟ್ಟಿದ್ದಾರೆ, ಯಾರಿಗೂ ಹೇಳದೆ, ಈ ಸಲ ಕೃಷ್ಣೆಯಲ್ಲಿ. ಅದರ ಮೇಲೆ ಈ ತಣ್ಣೀರು. ನನಗೆ ಅನುಮಾನವೇ ಇರಲಿಲ್ಲ. ಜನ ಕಡಿಮೆಯಾದ ಮೇಲೆ ಒಳಗೆ ಹೋದೆ. ಬಾವಗಾರು ಅಡಿಗೆಮನೆಯ ಸ್ಟೂಲಿನ ಮೇಲೆ ಒಬ್ಬರೇ ಕೂತಿದ್ದರು. ಸಮಾಧಾನ ಹೇಳಬೇಕಾದವಳು ನಾನು, ಮೊದಲು ಕೇಳಿದ್ದು ಅದನ್ನೇ. ಯಾವಾಗಿನಿಂದ ಮಾತ್ರೆ ಬಿಟ್ಟಿದ್ದರು ಬಾವಗಾರು?

ಅವರು ತಲೆಯೆತ್ತಿದರು.

"ಬಿಟ್ಟಿರಲಿಲ್ಲಮ್ಮಾ. ಆ ಡಾಕ್ಟರು ನನ್ನನ್ನು ಒಳಗೆ ಕೂರಿಸಿಕೊಂಡ ದಿನದಿಂದ ನಾನೇ ನನ್ನ ಕೈಯಿಂದ ಕೊಡುತ್ತಿದ್ದೆ. ನಿನ್ನೆ ರಾತ್ರಿಯೂ ಕೊಟ್ಟೆ. ನದಿಗೆ ಹೊರಟಾಗ ಬೇಡವೆಂದೆ. ಮಾತ್ರೆ ಒಳಗೆ ಇದೆಯಲ್ಲ, ಇನ್ನೇನು ಭಯ ಎಂದಳು. ಅಷ್ಟು ದಿನ ನೋವೇ ಬಂದಿರಲಿಲ್ಲ. ನಾನೂ ಹೌದು ಅಂದುಕೊಂಡೆ."

ಸ್ಟೂಲಿನ ಎದುರು ನೆಲದ ಮೇಲೆ ಕೂತೆ. ಮಾತ್ರೆಯನ್ನು ನಂಬಿ ಎಂದು ಅಷ್ಟು ವರ್ಷ ಗೋಗರೆದವಳು ನಾನು. ನಂಬಿದರು. ನಂಬಿಯೇ ತಣ್ಣೀರಿಗೆ ಇಳಿದರು. ಕಾಯಿಲೆಯನ್ನು ಅದು ತಡೆಯುತ್ತದೆ, ತೊಡೆದುಹಾಕುವುದಿಲ್ಲ ಎಂದು ಯಾರು ಯಾರಿಗೆ ಎಷ್ಟು ಸಲ ಹೇಳಿದರೆ ಸಾಕಾಗುತ್ತಿತ್ತು?

ಒಳಗಿನಿಂದ ಯಾರೋ ಹೆಂಗಸು ಪುಣ್ಯಾತ್ಮುರಾಲು, ಅದೇ ಪುಣ್ಯವಂತೆ, ಎನ್ನುವುದು ಕೇಳಿಸಿತು. ಬಾವಗಾರು ಮುಖ ಹಿಂಡಿದರು.

"ವಿಶಾಖಪಟ್ಟಣದ ಡಾಕ್ಟರಿಗೆ ಫೋನ್ ಮಾಡಮ್ಮಾ. ಮಾಡಿ ಹೇಳು. ಇಲ್ಲದಿದ್ದರೆ ಅವರು ಮತ್ತೆ ಮಾತ್ರೆ ಬಿಟ್ಟಳು ಎಂದುಕೊಳ್ಳುತ್ತಾರೆ. ನೀನೂ ಹಾಗೇ ಅಂದುಕೊಂಡೆ."

ಅವರ ಎದುರಿಗೆ ಆಗಲಿಲ್ಲ. ಹೊರಗೆ ಬಂದು ಮೆಟ್ಟಿಲ ತಿರುವಿನಲ್ಲಿ ನಿಂತು ಫೋನ್ ಮಾಡಿದೆ. ಡಾಕ್ಟರಿಗೆ ಯಾರೆಂದು ಜ್ಞಾಪಿಸುವುದಕ್ಕೆ ಕಾಶಿ ಎಂದರೆ ಸಾಕಾಯಿತು. ಸುದ್ದಿ ಹೇಳಿದೆ. ಆ ಕಡೆ ಒಂದು ನಿಟ್ಟುಸಿರು, ಅದರ ಹಿಂದೆಯೇ ನಾನು ನಿರೀಕ್ಷಿಸಿದ ಪ್ರಶ್ನೆ: ಮಾತ್ರೆ ನಿಲ್ಲಿಸಿಬಿಟ್ಟಿದ್ದರಾ?

"ಇಲ್ಲ ಡಾಕ್ಟರ್" ಎಂದೆ. "ಬಿಟ್ಟಿರಲಿಲ್ಲ."

ಹೂಂ ಎಂದರು. ಅದು ನಂಬಿದ ಹೂಂ ಆಗಿತ್ತೋ, ನಂಬದ ಹೂಂ ಆಗಿತ್ತೋ ನನಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದೆ.